ಅವ್ವನ ಬೆರಳಿಗೆ ಒಗ್ಗುವ ಸ್ಕ್ರೀನ್

ಸೋಮವಾರ ಅವ್ವನ ಫೋನಿಗೆ ಹೊಸ ಸ್ಕ್ರೀನ್ ಹಾಕಿಸಲು ನಿಪ್ಪಾಣಿ ಪೇಟೆಗೆ ಹೋದೆವು. ಅಥಣಿಗೆ ಕೊಟ್ಟ ಅಕ್ಕನಿಗೆ ದಿನ ತುಂಬಿದ್ದವು. ಎರಡನೆಯ ಹೆರಿಗೆ ಗಂಡನ ಮನೆಯಲ್ಲೇ. ನೋವು ಶುರುವಾಗಿ ಕರೆ ಬಂದರೆ, ಹಗಲೆಲ್ಲ ಒಬ್ಬಳೇ ಕೂತು ಬೀಡಿ ಕಟ್ಟುವ ಅವ್ವನೇ ಎತ್ತಬೇಕು.

ಆ ಮಾಡೆಲ್ಲಿಗೆ ಕಂಪನಿಯ ಸ್ಕ್ರೀನ್ ಬರುವುದು ನಿಂತಿತ್ತು. ಅಂಗಡಿಯವನು ಬೇರೆ ಎರಡನ್ನು ಒಂದಾದ ಮೇಲೊಂದು ಜೋಡಿಸಿಕೊಟ್ಟ. ಪಕ್ಕದಲ್ಲೇ ನಿಂತು ನಾನು ನನ್ನ ಫೋನಿನಿಂದ ಅದಕ್ಕೆ ಕರೆ ಮಾಡಿ ನೋಡಿದೆ. ನನ್ನ ಬೆರಳಿಗೆ ಎರಡೂ ಓಗೊಟ್ಟವು, ಅವ್ವನ ಬೆರಳಿಗೆ ಒಂದೂ ಇಲ್ಲ. ಎಲೆ ಸುರುಳಿ ಸುತ್ತಿ ಸುತ್ತಿ ಅವಳ ಬೆರಳ ತುದಿಗಳು ಸವೆದು ಒಣಗಿವೆ.

"ಅಕ್ಕಾರ, ಒತ್ತಬ್ಯಾಡ್ರಿ, ಸುಮ್ನ ಸರಸ್ರಿ," ಅಂದ ಅಂಗಡಿಯವನು ಅವ್ವನಿಗೆ.

"ಸರಸಾಕತ್ತೀನೋ ತಮ್ಮಾ. ನಾ ಬದಕೀನಿ ಅನ್ನೂದ ಅದಕ್ಕ ಗೊತ್ತಾಗವಲ್ದು!"

ಅಂಗಡಿಯವನು ನಕ್ಕ. ಅವ್ವ ಬೀಡಿ ಎಲೆ ಎಣಿಸುವವಳಂತೆ ಬೆರಳನ್ನು ನಾಲಗೆಗೆ ಹಚ್ಚಿ ಮತ್ತೆ ಸರಿಸಿದಳು. ಎರಡನೆಯ ಸ್ಕ್ರೀನ್ ಒಂದು ಸಲ ಓಗೊಟ್ಟಿತು. ಅಷ್ಟಕ್ಕೇ ಅದನ್ನೇ ಆರಿಸಿದೆವು.

ಮರುದಿನ, ಒಬ್ಬಳೇ ಇದ್ದಾಗ ಎತ್ತಲು ಆಗುತ್ತದೋ ನೋಡೋಣವೆಂದು, ಚಿಕ್ಕೋಡಿಯ ಕಾಲೇಜಿನಿಂದ ಅವ್ವನಿಗೆ ಕರೆ ಮಾಡಿದೆ. ರಿಂಗಾಗುತ್ತಲೇ ಇತ್ತು. ಅತ್ತ ಅವಳು ಬೆರಳು ಹಸಿ ಮಾಡಿಕೊಂಡು ಸರಿಸುತ್ತಲೇ ಇದ್ದಾಳೆಂದು ಗೊತ್ತಿತ್ತು. ಫೋನನ್ನು ಕಿವಿಗೆ ಹಿಡಿದು ನಿಂತೆ.