ಅತ್ತೆ ಓದಿದ ಪರದೆ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಚಾಮರಾಜಪೇಟೆಯ ಒಂದು ರಕ್ತನಿಧಿಯಲ್ಲಿ ನಾನು ನೋಡಿಕೊಳ್ಳುವ ಸರ್ವರ್ ನಿಂತುಹೋಯಿತು. ಬಸವನಗುಡಿಯ ಮನೆಯಿಂದಲೇ ಸೀರಿಯಲ್ ಕನ್ಸೋಲ್ ಎಂಬ, ಬರೀ ಅಕ್ಷರಗಳನ್ನು ಸಾಗಿಸುವ ಹಳೇ ಬಗೆಯ ಸಂಪರ್ಕದ ಮೂಲಕ ಅದರೊಳಗೆ ಹೋಗಲು ನೋಡಿದರೆ, ಪರದೆಯ ತುಂಬ ಅರ್ಥವಿಲ್ಲದ ಚಿಹ್ನೆಗಳು. ಎರಡು ಗಂಟೆ ಒದ್ದಾಡಿದೆ. ಅಲ್ಲಿಂದ ಫೋನ್ ಮೇಲೆ ಫೋನ್: "ಮೇಡಂ, ಆಪರೇಷನ್‌ಗೆ ರಕ್ತ ಕೇಳ್ತಿದಾರೆ, ಯಾವ ಗುಂಪು ಎಷ್ಟಿದೆ ಅಂತ ಗೊತ್ತಾಗ್ತಿಲ್ಲ."

ಕಾಫಿ ತಂದ ಅತ್ತೆ ಪರದೆ ನೋಡಿ ಹೇಳಿದರು: "ಆ ಕಡೆ ಸ್ಪೀಡು ಬೇರೆ, ಈ ಕಡೆ ಬೇರೆ ಕಣೇ. ಇಳಿಸಿ ನೋಡು."

"ನಿಮಗೆ ಹೇಗೆ ಗೊತ್ತು ಅತ್ತೆ?"

"ನಾನು ತಂತಿ ಆಫೀಸಲ್ಲಿದ್ದಾಗ, ಸ್ಪೀಡು ಹೊಂದದಿದ್ರೆ ನಮ್ಮ ಟೆಲಿಪ್ರಿಂಟರೂ ಹೀಗೇ ಬಡಬಡಿಸ್ತಿತ್ತು."

ವೇಗ ಇಳಿಸಿದೆ. ಅಕ್ಷರಗಳು ತಟ್ಟನೆ ಸಾಲಾಗಿ ನಿಂತವು. ಹತ್ತೇ ನಿಮಿಷದಲ್ಲಿ ಸರ್ವರ್ ಎದ್ದಿತು.

ಹನ್ನೊಂದು ವರ್ಷದಿಂದ ಒಂದೇ ಮನೆಯಲ್ಲಿದ್ದೇವೆ. ಆಫೀಸಿನಲ್ಲಿ ಅವರು ಏನು ಮಾಡುತ್ತಿದ್ದರೆಂದು ನಾನು ಇವತ್ತೇ ಮೊದಲು ಕೇಳಿದ್ದು.