ಟವೆಲ್ ಕೆಳಗಿನ ಗುಟ್ಟು

ಮನುಷ್ಯನ ಮುಖ ನೋಡಿದರೆ ಸಾಕು, ಆನ್‌ಲೈನ್ ಕಳ್ಳರ ಬಲೆಗೆ ಬೀಳ್ತಾನೋ ಇಲ್ಲೋ ಹೇಳಿಬಿಡೋ ಭೂಪ ನಾನು. ಕುಷ್ಟಗಿಯಲ್ಲಿ ಜನರಿಗೆ ಇಂಥ ಮೋಸದ ಬಗ್ಗೆ ಪಾಠ ಮಾಡುವ ತರಬೇತಿಯೊಂದರಲ್ಲಿ ಕಳ್ಳ-ಪೊಲೀಸ್ ಆಟ ಆಡಿಸಿದೆ. ಕಳ್ಳ ನಾನೇ. ದನದ ಸಂತೆಯ ದಲ್ಲಾಳಿ ಬಸಪ್ಪಜ್ಜನನ್ನು ತೋರಿಸಿ, ಯಾರನ್ನೂ ನಂಬದ ಈ ಮನುಷ್ಯ ಮೋಸ ಹೋಗೋದೇ ಇಲ್ಲ ಅಂತ ಎಲ್ಲರೆದುರು ಪಂಥ ಕಟ್ಟಿದೆ.

"ಅಜ್ಜಾರ, ಬ್ಯಾಂಕಿನಿಂದ ಬಂದೀನ್ರಿ. ಎಟಿಎಂ ಪಿನ್ ಹೇಳ್ರಿ."

"ಬಾಯಿ ಬಿಟ್ಟು ಹೇಳಂಗಿಲ್ಲೋ ತಮ್ಮಾ!"

ನಾನು ಗೆದ್ದೆ ಅಂತ ಮೀಸೆ ತಿರುವುವಷ್ಟರಲ್ಲಿ ಅಜ್ಜ ಹೆಗಲ ಟವೆಲ್ಲನ್ನು ನನ್ನ ಕೈಮೇಲೆ ಹೊದಿಸಿ, ಸಂತೆಯಲ್ಲಿ ದಲ್ಲಾಳಿಗಳು ಎತ್ತಿನ ರೇಟು ಗುಟ್ಟಾಗಿ ಹೇಳುವ ಹಾಗೆ ಅದರಡಿ ಬೆರಳು ಒತ್ತಿ ಒತ್ತಿ ನಾಲ್ಕೂ ಅಂಕಿ ಒಪ್ಪಿಸಿಬಿಟ್ಟ. ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

"ಅಜ್ಜಾರ, ಕಳ್ಳ ನಾನರಿ!"

"ಇರಲಿ ಬಿಡೋ, ಮತ್ತ ಯಾರಿಗೂ ಕೇಳಿಸಿಲ್ಲ, ಹೌದಿಲ್ಲೋ?"

ಪಿನ್ ಬದಲಿಸೋತನಕ ಅಜ್ಜನನ್ನು ನಾನು ಬಿಡಲಿಲ್ಲ. ಈಗ ನನ್ನ ಪಾಠ ಶುರುವಾಗೋದು, ಎಲ್ಲರ ಹೆಗಲ ಟವೆಲ್ ತೆಗೆಸಿದ ಮೇಲೆಯೇ.