ಗಂಜಿ ಸಿಗುವ ಸ್ಕೀ ಊರು

ಕಡಿಮೆ ಖರ್ಚಿನಲ್ಲಿ ಸ್ಕೀ ಮಾಡುವ ಜಾಗ ಹುಡುಕುವ ಕೆಲಸ ನನ್ನ ತಲೆಗೆ ಬಿತ್ತು. ಹೊರಟದ್ದು ಪುತ್ತೂರಿನ ನಮ್ಮ ಮನೆಯವರು, ಆಲೆಟ್ಟಿಯ ಅಕ್ಕ-ಭಾವ, ಭಾವನ ಅಮ್ಮ, ಮತ್ತೆ ಕಡಬದ ಗೆಳೆಯ ತೋಮಸನ ಸಂಸಾರ. ನನಗೊಬ್ಬನಿಗೆ ಸ್ವಲ್ಪ ಸ್ಕೀ ಗೊತ್ತು. ಉಳಿದವರು ಹಿಮ ನೋಡಿದ್ದು ಫ್ರಿಜ್ಜಿನ ಒಳಗೆ.

ಹಿಮಾಚಲದ ಏಜೆಂಟ್ ಫೋನಿನಲ್ಲಿ, "ನಿಮ್ಮಲ್ಲಿ ಯಾರ್‍ಯಾರಿಗೆ ಎಷ್ಟೆಷ್ಟು ಬರುತ್ತದೆ?" ಎಂದು ಕೇಳಿದ. ಸುತ್ತ ಕೂತಿದ್ದ ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದ್ದೆ. ಭಾವ ಗಂಭೀರವಾಗಿ ಶುರು ಮಾಡಿದರು.

"ನಾನು ಎರಡು ದಿನ ಚಪಾತಿಯಲ್ಲಿ ಸುಧಾರಿಸ್ತೇನೆ. ನಿನ್ನ ಅಕ್ಕನಿಗೆ ಒಂದೇ ಹೊತ್ತು. ಅಮ್ಮನಿಗೆ ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ ಇಲ್ಲದಿದ್ರೆ ಆಗುದೇ ಇಲ್ಲ."

"ಭಾವ, ಅವ ಕೇಳಿದ್ದು ಸ್ಕೀ ಬಗ್ಗೆ."

"ಗಂಜಿ ಇಲ್ಲದೆ ಜಾರುದು ಹೇಗೆ ಮಾರಾಯ?"

ಆಗ ತೋಮಸನಿಗೆ ನೆನಪಾಯಿತು. ಹಿಮಾಚಲದ ಒಂದು ಸಣ್ಣ ಊರಿನಲ್ಲಿ ಅವನ ಚಿಕ್ಕಪ್ಪನ ಮಗ ಮೆಸ್ ನಡೆಸುತ್ತಾನಂತೆ. ಕೆಂಪು ಕುಚ್ಚಲಕ್ಕಿ ಗಂಜಿ, ತೆಂಗಿನಕಾಯಿ ಚಟ್ನಿ ಎರಡೂ ಉಂಟಂತೆ. ಎಲ್ಲರ ಮುಖ ಅರಳಿತು.

ಏಜೆಂಟ್ ಪ್ರಾಮಾಣಿಕ. "ಅಲ್ಲಿ ರೂಮು ಅಗ್ಗ ನಿಜ. ಆದರೆ ಈ ಸಲ ಹಿಮವೇ ಬಿದ್ದಿಲ್ಲ," ಎಂದ.

"ಹಿಮ ಇವತ್ತು ಬೀಳದಿದ್ರೆ ನಾಳೆ ಬೀಳ್ತದೆ. ಗಂಜಿ ಹಾಗೆ ಮೇಲಿಂದ ಬೀಳ್ತದಾ?" ಎಂದರು ಭಾವ. ನನ್ನನ್ನು ಬಿಟ್ಟು ಎಲ್ಲರೂ ಒಪ್ಪಿದರು.

ಹೋದೆವು. ಹಿಂದಿರುಗುವ ದಿನದವರೆಗೂ ಹಿಮ ಬೀಳಲಿಲ್ಲ. ಬಾಡಿಗೆ ಸ್ಕೀ ಕಟ್ಟಿಕೊಂಡು ಒಣಹುಲ್ಲಿನ ಮೇಲೆ ನಾನು ನಿಂತ ಫೋಟೋ ಉಂಟು. ಅಷ್ಟು ದೂರದ ಊರು ಹೇಗಿತ್ತು ಎಂದು ಯಾರಾದರೂ ಕೇಳಿದರೆ ಭಾವನ ಅಮ್ಮ ಈಗಲೂ ಸಂತೋಷದಿಂದ ಹೇಳುತ್ತಾರೆ:

"ಭಾರೀ ಒಳ್ಳೆದುಂಟು ಮಾರಾಯ್ರೆ. ನಮ್ಮ ಆಲೆಟ್ಟಿಯ ಹಾಗೆಯೇ."